ಅಪ್ಪನಿಗೊಂದು ಗ್ರಾಫಿಕ್ಸ್ ಕಾರ್ಡು

ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ಅಪ್ಪ ಮತ್ತು ನಾನು. ಅದರಲ್ಲಿ ಮಾತಾಡುತ್ತಿದ್ದವಳು ನಾನೊಬ್ಬಳೇ. ಕುಕ್ಕರು ಸೀಟಿ ಹೊಡೆಯದಿದ್ದರೆ ಕುಕ್ಕರಿಗೆ ಬಯ್ಯುತ್ತಿದ್ದೆ, ಹಾಲು ಉಕ್ಕಿದರೆ ಹಾಲಿಗೆ ಬಯ್ಯುತ್ತಿದ್ದೆ, ನಳದಲ್ಲಿ ನೀರು ಬರದಿದ್ದರೆ ಇಡೀ ವಾಡಿ ಊರಿಗೇ ಬಯ್ಯುತ್ತಿದ್ದೆ. ಅಪ್ಪ ಹೊರಗಿನ ಖೋಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. "ಊಟಕ್ಕ ಏಳ್ರಿ" ಅಂದರೆ ಏಳುತ್ತಿದ್ದರು. "ಉಪ್ಪು ಸಾಕೇನ್ರಿ?" ಅಂದರೆ ತಲೆ ಆಡಿಸುತ್ತಿದ್ದರು. ಆ ತಲೆ ಹೌದು ಅಂತ ಆಡಿತೋ ಇಲ್ಲ ಅಂತ ಆಡಿತೋ ಒಮ್ಮೊಮ್ಮೆ ನನಗೆ ತಿಳಿಯುತ್ತಿರಲಿಲ್ಲ.

ಅಪ್ಪ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದವರು. ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ ದಾಟಿ ತಾಂಡೂರಿನ ಕಡೆಗೆ ಸಿಮೆಂಟಿನ ಗಾಡಿ ಒಯ್ಯುತ್ತಿದ್ದರು. ನಮ್ಮ ಮನೆತನದ ಉಳಿದವರೆಲ್ಲ ಮಾಸ್ತರಿಕೆ, ಪೂಜೆ ಅಂತ ಇದ್ದವರು. ಇವರೊಬ್ಬರು ಸಂಧ್ಯಾವಂದನೆ ಮುಗಿಸಿ, ಹಣೆಯ ಮೇಲಿನ ಅಂಗಾರ ಅಕ್ಷತೆ ಒರೆಸದೆ ಇಂಜಿನ್ ಹತ್ತುತ್ತಿದ್ದರು. ಆಗ ಅವರದು ಭಾಳ ದೊಡ್ಡ ಬಾಯಿ. ಇಂಜಿನ್ನಿನ ಸಪ್ಪಳದಲ್ಲಿ ಮಾತಾಡಿ ರೂಢಿಯಾಗಿ, ಮನೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು. "ನಾವೇನು ಕಿವುಡರೇನ್ರಿ?" ಅಂತ ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವ್ವ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಅಪ್ಪನ ಕಣ್ಣು ಪರೀಕ್ಷೆಯಲ್ಲಿ ನಪಾಸಾಯಿತು. ಗಾಡಿಯಿಂದ ಇಳಿಸಿ ಒಂದು ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಅಲ್ಲಿಂದ ಆ ದನಿ ಹೋಯಿತು.

ಮೊದಮೊದಲು ಜತೆಗಾರ ಡ್ರೈವರುಗಳು ಮನೆಗೆ ಬರುತ್ತಿದ್ದರು. "ಡಾಕ್ಟರು ನಿಮಗ ಭಾಳ ಅನ್ಯಾಯ ಮಾಡ್ಯಾರ್ರಿ. ನಿಮ್ಮಂಥ ಡ್ರೈವರ್ ಈ ಲೈನಿನ್ಯಾಗ ಯಾರದಾರ?" ಅಂತ ಹಾರಾಡುತ್ತಿದ್ದರು. ಅಪ್ಪ ಚಹಾದ ಲೋಟ ನೋಡುತ್ತ ಕೂತುಬಿಡುತ್ತಿದ್ದರು. ಎಷ್ಟು ದಿನ ಅಂತ ಬಂದಾರು? ಬರುವುದು ಬಿಟ್ಟರು. ಚಿಂಚೋಳಿಯಿಂದ ಬಂದ ನಮ್ಮ ಸೋದರತ್ತೆ ಎರಡು ದಿನ ಇದ್ದು ಬೇಸತ್ತು, "ನಿಮ್ಮವ್ವ ಹೋಗುವಾಗ ಇವನ ನಾಲಿಗೀನೂ ಗಂಟು ಕಟ್ಟಿಕೊಂಡು ಹೋಗ್ಯಾಳ ನೋಡು" ಅಂತ ಅಂದು ಬಸ್ಸು ಹತ್ತಿದಳು. ಕಣ್ಣಿಗೆ ಏನಾಗಿದೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ದಪ್ಪನೆಯ ಚಷ್ಮಾ ಬಂದಿತ್ತು. ದೂರದ್ದು ಕಾಣುವುದಿಲ್ಲ ಇರಬೇಕು ಅಂದುಕೊಂಡಿದ್ದೆ.

ನನಗೆ ಮೂವತ್ತು ದಾಟಿತ್ತು. ನೋಡಲು ಬರುವವರು ಬಂದು ಬಂದು ನಿಂತಿದ್ದರು, ಅದರ ಹಳಹಳಿ ನನಗಿರಲಿಲ್ಲ. ಆದರೆ ಸಂಜೆ ಕೆಲಸ ಮುಗಿಸಿ ಪ್ಯಾಸೆಂಜರ್ ಗಾಡಿಯಿಂದ ಇಳಿದು ಮನೆಯ ಕಡೆ ನಡೆಯುವಾಗ ಕಾಲು ಭಾರವಾಗುತ್ತಿತ್ತು. ಬೀಗ ಹಾಕಿದ ಮನೆಗೆ ಹೋಗುವುದು ಬೇರೆ. ಮನುಷ್ಯ ಇದ್ದೂ ಬೀಗ ಹಾಕಿದಂತಿರುವ ಮನೆಗೆ ಹೋಗುವುದು ಬೇರೆ. ನನಗೆ ಬೇಕಾಗಿದ್ದು ಒಂದೇ. ಅಪ್ಪ ನನ್ನ ಕೂಡ ಮಾತಾಡಬೇಕು. ಬಯ್ದರೂ ಸೈ.

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಆಫೀಸಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಆಫೀಸಿಗೆ ಹೊಸ ಕಂಪ್ಯೂಟರು ಬಂದವು, ಹಳೆಯದೊಂದನ್ನು ಮಾಲಕರು "ಮನಿಗೆ ಒಯ್ದುಬಿಡವ್ವಾ, ಇಲ್ಲಿ ಜಾಗ ಇಲ್ಲ" ಅಂದರು. ಆಟೋದಲ್ಲಿ ತೊಡೆಯ ಮೇಲೆ ಮಾನಿಟರ್ ಇಟ್ಟುಕೊಂಡು ಸ್ಟೇಷನ್ನಿಗೆ, ಅಲ್ಲಿಂದ ಲೇಡೀಸ್ ಡಬ್ಬಿಯಲ್ಲಿ ವಾಡಿಗೆ ತಂದೆ. ಆ ಮಾನಿಟರ್ ಎಷ್ಟು ಹಳೆಯದೆಂದರೆ ಅದರಲ್ಲಿ ಬಿಳಿ ಹಾಳೆ ಕೂಡ ಹಳೆಯ ಪಂಚಾಂಗದಂತೆ ಹಳದಿಯಾಗಿ ಕಾಣುತ್ತಿತ್ತು. ಅಪ್ಪ ಒಮ್ಮೆ ತಿರುಗಿ ನೋಡಿದರು, ಅಷ್ಟೇ.

ಒಂದು ದಿನ ಗುಲ್ಬರ್ಗಾದ ಅಂಗಡಿಯ ಸಿ.ಡಿ. ರಾಶಿಯಲ್ಲಿ ಒಂದು ಕವರಿನ ಮೇಲೆ ರೈಲಿನ ಇಂಜಿನ್ ಕಾಣಿಸಿತು. ನಾವೇ ಡ್ರೈವರ್ ಆಗಿ ಗಾಡಿ ಓಡಿಸುವ ಆಟ. ಒಳಗೆ ಕೂತು ನೋಡಿದರೆ ಮುಂದೆ ಹಳಿ, ಎರಡೂ ಕಡೆ ಗಿಡ, ಸಿಗ್ನಲ್ಲು, ಸ್ಟೇಷನ್ನು. ಅಲ್ಲೇ ರೊಕ್ಕ ಕೊಟ್ಟು ಕೊಂಡುಕೊಂಡೆ. ಮನೆಗೆ ಬಂದು ಹಾಕಿದರೆ ಆ ಮುದುಕ ಯಂತ್ರ ಆಟವನ್ನು ತೆರೆಯಲೇ ಇಲ್ಲ. ಇದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕು, ನಿಮ್ಮಲ್ಲಿ ಇರುವುದು ಸಾಲದು ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಯಿತು. ಇದೂ ಬಾಯಿ ಮುಚ್ಚಿಕೊಂಡಿತಲ್ಲಪ್ಪ, ಈ ಮನೆಯ ಗಾಳಿಯೇ ಹಿಂಗೇನೋ ಅಂದುಕೊಂಡೆ.

ಮುಂದಿನ ವಾರ ಮತ್ತೆ ಗುಲ್ಬರ್ಗಾ. ಕಂಪ್ಯೂಟರ್ ಸಾಮಾನಿನ ಅಂಗಡಿಯವನು ಕಾರ್ಡನ್ನು ಪ್ಯಾಕೆಟ್ಟಿನಿಂದ ತೆಗೆದು ತೋರಿಸಿದ. ಅಂಗೈಗಿಂತ ಸ್ವಲ್ಪ ಉದ್ದ, ಮೇಲೊಂದು ಪುಟ್ಟ ಫ್ಯಾನು, ಕೆಳಗಂಚಿಗೆ ಚಿನ್ನದ ಬಣ್ಣದ ಹಲ್ಲುಗಳು.

"ಮನ್ಯಾಗ ಹುಡುಗರು ಗೇಮ್ ಆಡ್ತಾರೇನ್ರಿ ಅಕ್ಕಾರೆ?" ಅಂದ.

"ಹೌದ್ರಿ, ಒಬ್ಬ ಹುಡುಗ ಇದ್ದಾನ. ಐವತ್ತೇಳು ವರ್ಷದವ" ಅಂದೆ.

ಅವನು ನಕ್ಕ. ನಾನೂ ನಕ್ಕೆ. ಆ ವಾರದಲ್ಲಿ ಇನ್ನೊಬ್ಬರ ಜೊತೆ ಕೂಡಿ ನಕ್ಕಿದ್ದು ಅದೊಂದೇ ಸಲ ಅಂತ ಬಸ್ಸಿನಲ್ಲಿ ಹೊಳೆದು ಸುಮ್ಮನೆ ಕಿಟಕಿಯ ಕಡೆ ಮುಖ ಮಾಡಿದೆ.

ಭಾನುವಾರ ಏಕಾದಶಿ ಬಂದಿತ್ತು. ಒಲೆ ಹಚ್ಚುವ ಕೆಲಸವಿಲ್ಲ, ಇಬ್ಬರಿಗೂ ಉಪವಾಸ. ಬೆಳಗ್ಗೆಯೇ ಕಂಪ್ಯೂಟರಿನ ವೈರುಗಳನ್ನೆಲ್ಲ ಕಿತ್ತು, ಡಬ್ಬಿಯನ್ನು ನೆಲದ ಮೇಲೆ ಮಲಗಿಸಿ ಪಕ್ಕದ ತಗಡು ಬಿಚ್ಚಿದೆ. ರಾಮರಾಮಾ! ಒಳಗೆ ಕಲ್ಲಿನ ಪುಡಿ ಗೋಧಿಹಿಟ್ಟಿನಂತೆ ಕೂತಿತ್ತು. ಶಹಾಬಾದಿನ ಅರ್ಧ ಗಣಿ ಇದರಲ್ಲೇ ಇತ್ತು. ಬಣ್ಣ ಹಚ್ಚುವ ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿದೆ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ನನ್ನ ಕೂದಲೆಲ್ಲ ಬೆಳ್ಳಗಾಯಿತು. ಬಾಗಿಲಲ್ಲಿ ಅಪ್ಪನ ಧೋತರದ ಅಂಚು ಕಾಣಿಸಿ ಮಾಯವಾಯಿತು.

ಒಳಗಿನ ಹಲಗೆಯ ಮೇಲೆ ಬಿಳಿಯ ಗೂಡುಗಳ ಸಾಲಿನ ಪಕ್ಕ ಕಂದು ಬಣ್ಣದ್ದೊಂದು ಗೂಡು ಇತ್ತು, ಕಾರ್ಡು ಕೂರುವುದು ಅದರಲ್ಲಿ. ಕಬ್ಬಿಣದ ತಗಡು ಮುಟ್ಟಿ ಕೈಯಲ್ಲಿನ ಕರೆಂಟು ಇಳಿಸಿಕೊಂಡು, ಕಾರ್ಡಿನ ಹಲ್ಲು ಮುಟ್ಟದೆ ಅಂಚು ಹಿಡಿದು ಕೂರಿಸಿದೆ. ಕೂತಿತು ಅಂದುಕೊಂಡೆ. ಸ್ವಿಚ್ ಒತ್ತಿದರೆ ಒಂದು ಉದ್ದ ಕೂಗು, ಹಿಂದೆಯೇ ಗಿಡ್ಡ ಗಿಡ್ಡ ಕೂಗು. ಮತ್ತೆ ಅದೇ.

ಒಳಗಿನಿಂದ ಅಪ್ಪ ಬಂದು, "ಏನದು? ಯಾಕ ಕೂಗಲಿಕತ್ತದ?" ಅಂದರು.

ನಾನು ಕೇಳದೆ ಅವರಾಗಿ ಬಾಯಿಬಿಟ್ಟಿದ್ದು ಎಷ್ಟೋ ದಿನಕ್ಕೆ ಅದೇ ಮೊದಲು. ಕಾರ್ಡು ಸುಟ್ಟುಹೋಗಿದ್ದರೂ ಆಗ ನನಗೆ ಚಿಂತೆ ಆಗುತ್ತಿರಲಿಲ್ಲ. "ಸರಿಯಾಗಿ ಕೂತಿಲ್ಲ ಅಂತ ಅಳ್ಲಿಕತ್ತದ್ರಿ" ಅಂದೆ. ಸ್ವಿಚ್ ಆರಿಸಿ, ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಟಕ್ ಅಂತ ಕೂತಿತು. ಸ್ಕ್ರೂ ಬಿಗಿದೆ. ಈ ಸಲ ಕೂಗಲಿಲ್ಲ, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಆಮೇಲೆ ತಲೆಗೆ ಹೊಳೆಯಿತು: ಮಾನಿಟರಿನ ವೈರನ್ನು ನಾನು ಹಳೆಯ ಜಾಗಕ್ಕೇ ಸಿಗಿಸಿದ್ದೆ. ಥೂ ನನ್ನ! ಮೇಜಿನ ಹಿಂದೆ ಕೈ ಹಾಕಿ, ಕಾಣದೆ ತಡಕಾಡಿ, ಹೊಸ ಕಾರ್ಡಿನ ಬಾಯಿಗೆ ಆ ನೀಲಿ ಪ್ಲಗ್ಗನ್ನು ತುರುಕಿದೆ. ಹೋಗಲಿಲ್ಲ. ತಿರುಗಿಸಿ, ಸಿಟ್ಟಿನಿಂದ ಒತ್ತಿದೆ. ಹೋಯಿತು.

ಪರದೆ ಬೆಳಗಿತು. ಕಾರ್ಡಿನ ಸಿ.ಡಿ. ಹಾಕಿದೆ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದೆ, ಆರಿಸಿ ಮತ್ತೆ ಹಚ್ಚಿದೆ. ಈಗ ಎಲ್ಲವೂ ಚೊಕ್ಕ. ಹಳದಿಯಾಗಿದ್ದ ಬಿಳಿ ತಣ್ಣಗೆ, ನೀರಿನಲ್ಲಿ ನೀಲಿ ಹಾಕಿ ಒಗೆದ ಅಂಗಿಯಂತೆ ಕಂಡಿತು. ಹೊಸ ಕಾರ್ಡೆಂದರೆ ಹೀಗೇ ಇರಬೇಕು, ಮಾನಿಟರಿನ ಹಳದಿಯನ್ನೂ ತೊಳೆಯಿತಲ್ಲ ಅಂತ ಹಿಗ್ಗಿದೆ. ಆಟ ತೆರೆಯಿತು. ಹಿಮದ ಬೆಟ್ಟ, ದೇವದಾರುವಿನಂಥ ಗಿಡ, ನಡುವೆ ಎರಡು ಹಳಿ. ಇಂಜಿನ್ ಗುರುಗುಟ್ಟಿತು.

"ಅಪ್ಪಾ, ಬರ್ರಿ. ಕುಂದ್ರಿ."

"ಹುಡುಗರಾಟ" ಅಂದರು.

"ಹುಡುಗರಾಟ ಆದ್ರ ಆಗ್ಲಿ. ಇದು ಓಡಿಸಲಿಕ್ಕೆ ನನಗ ಬರಂಗಿಲ್ಲ. ಟೆಸ್ಟ್ ಮಾಡ್ಬೇಕಲ್ಲ, ಬರ್ರಿ."

ಕೂತರು. ಬೆನ್ನು ನೆಟ್ಟಗಾಯಿತು. ಅದನ್ನು ನೋಡಿಯೇ ನನಗೆ ಅಳು ಬಂದಂತಾಯಿತು. ಯಾವ ಕೀಲಿ ವೇಗಕ್ಕೆ, ಯಾವುದು ಬ್ರೇಕಿಗೆ, ಯಾವುದು ಹಾರ್ನಿಗೆ ಅಂತ ತೋರಿಸಿದೆ. ಅಪ್ಪ ಹಾರ್ನು ಒತ್ತಿ, ಗಾಡಿಯನ್ನು ಎಳೆದರು. ಒಮ್ಮೆಗೇ ಅಲ್ಲ, ಮೆಲ್ಲಗೆ, ಹಿಂದಿನ ಡಬ್ಬಿಗಳಿಗೆ ಜಗ್ಗು ಆಗದಂತೆ. ಆ ಡಬ್ಬಿಗಳು ಬರೀ ಚಿತ್ರ ಅಂತ ಅವರಿಗೆ ಯಾರು ಹೇಳಬೇಕು?

"ಇದ್ಯಾವ ಊರು?"

"ಚಿತ್ತಾಪುರ ಅಂತ ತಿಳಕೋರಿ."

"ಚಿತ್ತಾಪುರದಾಗ ಹಿಮ ಬಿದ್ದದೇನು?" ಅಂದರು. ಅಂದವರು ನಕ್ಕರು! ಸಣ್ಣ ನಗೆ, ಮೂಗಿನಲ್ಲೇ. "ಹಂಗಾರ ಮುಂದಿನದು ಮಳಖೇಡ. ಅಲ್ಲಿ ಜರಾ ತಿರುವು ಅದ, ನೋಡು." ಮಾತಿಗೆ ಮಾತು ಕೂಡಿಕೊಂಡು ಬರತೊಡಗಿತು. ಇಲ್ಲಿ ಒಮ್ಮೆ ಎಮ್ಮೆಗಳು ಹಳಿಯ ಮೇಲೆ ಕೂತಿದ್ದವು, ಅಲ್ಲಿ ಮಳೆಗಾಲದಲ್ಲಿ ಕಾಗಿಣಾ ಹೊಳೆ ಸೇತುವೆಯ ಕೆಳಗೆ ಎಷ್ಟು ಎತ್ತರಕ್ಕೆ ಬರುತ್ತಿತ್ತು, ಸೇಡಂ ಸ್ಟೇಷನ್ನಿನ ಚಹಾದಂಥ ಚಹಾ ಮತ್ತೆಲ್ಲೂ ಇಲ್ಲ. ನಾನು ಸ್ಟೂಲು ಎಳೆದುಕೊಂಡು ಪಕ್ಕ ಕೂತೆ. ಹೊಟ್ಟೆಯಲ್ಲಿ ಹಸಿವು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.

ದೂರದಲ್ಲಿ ಒಂದು ಸಿಗ್ನಲ್ ಕಂಬ ಬಂತು. ಅಪ್ಪ ನನ್ನ ಕಡೆ ನೋಡದೆ, "ಹೂಂ?" ಅಂದರು.

"ಏನ್ರಿ?"

"ಸಿಗ್ನಲ್ ಹೇಳು. ಸಹಾಯಕನ ಜಾಗದಾಗ ಕುಂತೀದಿ, ಸುಮ್ನ ಕುಂದ್ರತಾರೇನು? ಇಂಜಿನ್ಯಾಗ ಇಬ್ಬರು ಇರ್ತಾರ. ಮೊದಲ ಕಂಡವ ಬಣ್ಣ ಕೂಗಿ ಹೇಳಬೇಕು. ಇನ್ನೊಬ್ಬ ತಾನೂ ನೋಡಿ, ಅದನ್ನ ತಿರುಗಿ ಕೂಗಬೇಕು. ಒಬ್ಬನ ಕಣ್ಣು ತಪ್ಪಿದ್ರ ಇನ್ನೊಬ್ಬನದು ಹಿಡೀತದ."

"ಹಸಿರು" ಅಂದೆ, ಸ್ವಲ್ಪ ನಾಚಿಕೊಂಡು.

"ಕೂಗು!"

"ಹಸಿರು!"

"ಹಸರು!" ಅಂತ ಅಪ್ಪ ಕೂಗಿದರು. ಅದೇ ಹಳೆಯ ದನಿ. ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಿತೇನೋ ಅನಿಸಿತು. ಅಯ್ಯೋ ದೇವರೇ, ಈ ದನಿಗಾಗಿ ನಾನು ಎಷ್ಟು ಹಂಬಲಿಸಿದ್ದೆ! ಮುಂದಿನ ಕಂಬಕ್ಕೂ ಕೂಗಿದೆ, ಅವರೂ ಕೂಗಿದರು. ಗಾಡಿ ಓಡುತ್ತಿತ್ತು. ಮತ್ತೊಂದು ಕಂಬ.

"ಹಸಿರು!"

"ಹಸರು!"

ವೇಗ ಇಳಿಸಲಿಲ್ಲ. ತಿರುವು ಕಳೆದ ಮೇಲೆ ಬಂದ ಕಂಬದಲ್ಲಿ ದೀಪವೇ ಇರಲಿಲ್ಲ, ಕರಿಯ ತೂತು ಮಾತ್ರ. ಏನು ಹೇಳಬೇಕೆಂದು ತಿಳಿಯದೆ ನಾನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಅದನ್ನು ದಾಟಿಬಿಟ್ಟಿತು. ಆಟ ಗಕ್ಕನೆ ನಿಂತಿತು. ಅಪಾಯದ ಸಿಗ್ನಲ್ ದಾಟಿದ್ದೀರಿ, ನಿಮ್ಮ ಪಯಣ ಇಲ್ಲಿಗೆ ಮುಗಿಯಿತು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

ಅಪ್ಪ ಕೀಲಿಮಣೆಯಿಂದ ಕೈ ತೆಗೆದರು. "ನೀ ಹಸರು ಅಂದಿ" ಅಂದರು.

"ಹಸಿರೇ ಇತ್ರಿ ಅಪ್ಪಾ! ನನ್ನಾಣಿ. ಆಮ್ಯಾಲಿನ ಕಂಬದಾಗ ದೀಪಾನೇ ಇದ್ದಿಲ್ಲ."

ಅಪ್ಪ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಮತ್ತೆ ಬಾಯಿ ಮುಚ್ಚಿಹೋಗುತ್ತದೆ ಅಂತ ನನಗೆ ಗಾಬರಿಯಾಯಿತು. ಇಷ್ಟು ಕಷ್ಟಪಟ್ಟು ತಂದದ್ದು ಒಂದು ಹಾಳು ಆಟಕ್ಕೆ ಹೋಗಬಾರದು. ಪರದೆಯನ್ನೇ ದಿಟ್ಟಿಸಿದೆ. ಆಗ ಕಂಡಿತು, ಆ ಅಪಾಯದ ಸಾಲಿನ ಸುತ್ತಲಿನ ಚೌಕಟ್ಟು ಕಪ್ಪಗಿತ್ತು. ಅಪಾಯವನ್ನು ಯಾರಾದರೂ ಕಪ್ಪಿನಲ್ಲಿ ಬರೆಯುತ್ತಾರೆಯೇ? ಆಟದ ಸಿ.ಡಿ. ಕವರನ್ನು ಪರದೆಯ ಪಕ್ಕ ಹಿಡಿದೆ. ಕವರಿನ ಮೇಲೆ ಇಂಜಿನ್ ಕೆಂಪಗಿತ್ತು. ಪರದೆಯ ಮೇಲೆ ಅದೇ ಇಂಜಿನ್ ಕರಿಯದು. ಇಡೀ ಪರದೆಯಲ್ಲಿ ಎಲ್ಲೂ ಒಂದು ಚುಕ್ಕೆ ಕೆಂಪಿರಲಿಲ್ಲ.

ಮೇಜನ್ನು ಮುಂದಕ್ಕೆಳೆದು ಆ ನೀಲಿ ಪ್ಲಗ್ಗು ಕಿತ್ತು ಬೆಳಕಿಗೆ ಹಿಡಿದೆ. ಸಾಲುಸಾಲು ಸೂಜಿಗಳಲ್ಲಿ ಮೂಲೆಯದೊಂದು ಮಲಗಿಬಿಟ್ಟಿತ್ತು. ನಾನು ಸಿಟ್ಟಿನಿಂದ ಒತ್ತಿದಾಗ ಮಡಚಿದ್ದು. ಕೆಂಪನ್ನು ತರುವ ಸೂಜಿ ಅದು. ಕೆಂಪು ಬಾರದಿದ್ದರೆ ಕೆಂಪು ದೀಪ ಕಪ್ಪಾಗುತ್ತದೆ. ಕೆಂಪು ಹಸಿರು ಕೂಡಿ ಆಗುವ ಹಳದಿ, ಬರೀ ಹಸಿರಾಗಿ ಉಳಿಯುತ್ತದೆ. ನಾನು ಹಸಿರು ಅಂತ ಕೂಗಿದ್ದು ಹಳದಿಗೆ, ಮುಂದೆ ನಿಲ್ಲಬೇಕು, ವೇಗ ಇಳಿಸು ಅನ್ನುವ ಹಳದಿಗೆ. ತಲೆಯ ಪಿನ್ನು ತೆಗೆದು, ಉಸಿರು ಬಿಗಿಹಿಡಿದು, ಆ ಸೂಜಿಯನ್ನು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದೆ. ಪ್ಲಗ್ಗನ್ನು ಈ ಸಲ ಕಣ್ಣಿನಿಂದ ನೋಡಿ ಸಿಗಿಸಿದೆ.

ಕೆಂಪು ಬಂತು! ಚೌಕಟ್ಟು ಕೆಂಡದಂತೆ ಉರಿಯಿತು. ಹಿಂದಿನ ಸಿಗ್ನಲ್ಲಿನ ದೀಪ, ಇಂಜಿನ್ನಿನ ಮೂತಿ, ಎಲ್ಲ ಕೆಂಪು.

"ನೋಡ್ರಿ ಅಪ್ಪಾ! ವೈರಿನ ತಪ್ಪು, ನಿಮ್ಮದಲ್ಲ, ನಂದೂ ಅಲ್ಲ. ಈಗ ನೋಡ್ರಿ, ಎಷ್ಟು ಫರಕ ಅದ!"

ಅಪ್ಪ ಪರದೆಯನ್ನು ನೋಡಿದರು. ಚಷ್ಮಾ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಏನು ಬದಲಾತು?" ಅಂದರು.

ನಾನು ಸ್ಟೂಲಿನ ಮೇಲೆ ಕೂತೆ. ಈ ಸಲ ಮಾತಾಡಿದವರು ಅಪ್ಪನೇ.

"ಮೊದಲ ದೂರದ ಕೆಂಪು ಮಸುಕಾತು. ಧೂಳಿರಬೇಕು ಅಂದ್ಕೊಂಡೆ. ನಮ್ಮ ಕಡೆ ಧೂಳಿಗೇನು ಕಡಿಮಿ? ಆಮ್ಯಾಲ ಹತ್ತಿರಿಂದೂ ಹೋಯ್ತು. ಸಹಾಯಕ ಕೂಗತಿದ್ದ, ನಾ ತಿರುಗಿ ಕೂಗತಿದ್ದೆ. ಅವ ಕೆಂಪು ಅಂದ್ರ ಕೆಂಪು, ಹಸರು ಅಂದ್ರ ಹಸರು. ಕಂಡದ್ದು ಹೇಳಬೇಕು ಅನ್ನೂದು ಖಾನೂನು. ನಾ ಕೇಳಿದ್ದು ಹೇಳತಿದ್ದೆ. ಹಂಗೇ ಗಾಡಿ ಓಡಿಸೀನಿ, ಸೇಡಂ ತನಕ, ತಾಂಡೂರ ತನಕ. ಪುಣ್ಯಾತ್ಮ, ಅವ ಒಂದು ದಿನಾನೂ ತಪ್ಪಲಿಲ್ಲ. ಅವಗ ಇವತ್ತಿಗೂ ಗೊತ್ತಿಲ್ಲ."

"ಡಾಕ್ಟರು ಹಿಡಿದ್ರಲ್ಲ ಆಮ್ಯಾಲ..."

"ಡಾಕ್ಟರು ಎಲ್ಲಿ ಹಿಡಿದ್ರು? ನಾನೇ ಹೋಗಿ, ನನಗ ಬಣ್ಣ ಕಾಣಂಗಿಲ್ಲ, ಇಳಸ್ರಿ ಅಂದೆ. ಜತೆಗಾರರೆಲ್ಲ ಮನಿಗೆ ಬಂದು ಆ ಡಾಕ್ಟರಿಗೆ ಬಯ್ತಿದ್ರು. ನನ್ನ ಪರವಾಗಿ ಜಗಳಾಡವರ ಮುಂದ ನಾ ಏನಂತ ಬಾಯಿ ತೆಗೀಲಿ? ಒಂದು ಮಾತು ತೆಗೆದ್ರ ಎಲ್ಲಾ ಹೊರಗ ಬರ್ತದ ಅಂತ, ತೆಗೆಯೂದೇ ಬಿಟ್ಟೆ."

ನನಗೆ ಸಿಟ್ಟು ಬಂತು. ಖರೆ ಹೇಳಬೇಕೆಂದರೆ ಮೈ ಉರಿಯಿತು. ಆ ಹಳಿಯ ಮೇಲೆ ಯಾರದಾದರೂ ಪ್ಯಾಸೆಂಜರ್ ಗಾಡಿ ನಿಂತಿದ್ದರೆ? ಅಂಥ ಪ್ಯಾಸೆಂಜರಿನಲ್ಲೇ ದಿನಾ ನಾನೂ ಹೋಗಿಬಂದು ಮಾಡುತ್ತಿದ್ದೆನಲ್ಲ! ಬಯ್ಯಬೇಕು ಅಂತ ತಿರುಗಿದರೆ, ಅವರು ಸಣ್ಣವರಾಗಿ ಕೂತಿದ್ದರು. ಅಷ್ಟು ದಿನ ನಾನು ಒಬ್ಬಂಟಿ, ನಾನು ಒಬ್ಬಂಟಿ ಅಂತ ಕುಕ್ಕರಿನ ಮುಂದೆ ಗೊಣಗಿದ್ದೆ. ಈ ಮನುಷ್ಯ ನನ್ನ ಎದುರಿನ ಖೋಲಿಯಲ್ಲಿ ನನಗಿಂತ ಒಬ್ಬಂಟಿಯಾಗಿ ಕೂತಿದ್ದರು.

"ಯಾವಾಗ ಖಾತ್ರಿ ಆಯ್ತ್ರಿ, ಧೂಳಲ್ಲ ಅಂತ?" ಅಂತ ಮಾತ್ರ ಕೇಳಿದೆ.

ಪರದೆಯಲ್ಲಿ ಹಿಮದ ಮೇಲೆ ಗಾಡಿ ನಿಂತೇ ಇತ್ತು.

"ನಿಮ್ಮವ್ವ ಹೋದ ದಿನ. ಮುತ್ತೈದಿಯಾಗಿ ಹೋದಳಂತ ಓಣಿ ಹೆಣ್ಮಕ್ಕಳೆಲ್ಲ ಬಂದು ಹಣಿ ತುಂಬ ಕುಂಕುಮ ಹಚ್ಚಿದ್ರು. ಎಷ್ಟು ಕಳಾ ಬಂದದ ನೋಡ್ರಿ, ಎಷ್ಟು ಕೆಂಪಗ ಕಾಣ್ಲಿಕತ್ತದ ನೋಡ್ರಿ ಅಂತ ಎಲ್ಲಾರೂ ನನಗ ಹೇಳತಿದ್ರು. ನಾ ಹೌದು ಹೌದು ಅಂದೆ. ನನಗ ಆಕಿ ಹಣಿ ಮ್ಯಾಲ ಕಪ್ಪು ಕಂಡ್ತು, ಯವ್ವಾ. ಬರೀ ಕಪ್ಪು. ಕಡೀ ಸಲ ಮುಖ ನೋಡ್ರಿ ಅಂದ್ರು, ನಾ ಅದನ್ನೇ ನೋಡಿ ಬಂದೆ."

ಚಷ್ಮಾದ ಹಿಂದೆ ಅವರ ಕಣ್ಣು ತುಂಬಿದ್ದವು. ಮೊದಲ ಸಲ ನನ್ನ ಕಡೆ ನೇರ ತಿರುಗಿದರು.

"ನೀ ಅಲ್ಲೇ ಇದ್ದಿ. ಯಾರಿಗೆ ಕೇಳಬೇಕೋ ತಿಳೀಲಿಲ್ಲ ನನಗ. ಕೆಂಪಿತ್ತೇನು?"

"ಕೆಂಪಿತ್ರಿ ಅಪ್ಪಾ" ಅಂದೆ. "ಕೆಂಪು."

"ಕೆಂಪು" ಅಂದರು ಅಪ್ಪ.